ಚಿಕ್ಕ ಟ್ರ್ಯಾಕ್ಟರಿಗೆ ಚಳಿಗಾಲದ ಕ್ಯಾಬಿನ್ ಕಟ್ಟುವುದು ಹೇಗೆ

ಅಮೆರಿಕ, ಕೆನಡಾದ ಹಿಮದ ಸೀಮೆಯಲ್ಲಿ ಊರ ಹೊರಗೆ ಎರಡು ಮೂರು ಎಕರೆ ಜಾಗ, ಉದ್ದನೆಯ ಡ್ರೈವ್‌ವೇ ಇರುವ ಮನೆ ತಗೊಂಡವರಿಗೆ ಕಾಂಪ್ಯಾಕ್ಟ್ ಟ್ರ್ಯಾಕ್ಟರ್ ಬಹಳ ಬೇಗ ಬೇಕೆನಿಸುತ್ತದೆ. ಕುಬೋಟ, ಜಾನ್ ಡೀರ್, ನಮ್ಮ ಮಹೀಂದ್ರ, ಯಾವುದಾದರೂ ಸರಿ, 20ರಿಂದ 40 ಹಾರ್ಸ್‌ಪವರಿನ ಗಾಡಿ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುತ್ತದೆ, ಮಣ್ಣು ಹೊರುತ್ತದೆ. ಚಳಿಗಾಲ ಬಂತೆಂದರೆ ಹಿಮ ಸರಿಸುವುದೇ ಅದರ ಕೆಲಸ. ಆದರೆ ಇವುಗಳಲ್ಲಿ ಬಹಳಷ್ಟು ತೆರೆದ ಗಾಡಿಗಳು. ನ್ಯೂಯಾರ್ಕ್ ರಾಜ್ಯದ ಬಫಲೊ, ಸಿರಾಕ್ಯೂಸ್ ಕಡೆ ಸರೋವರದ ಮೇಲಿಂದ ಗಾಳಿ ಎದ್ದು ಹಿಮ ಸುರಿಯುವಾಗ ತೆರೆದ ಸೀಟಿನಲ್ಲಿ ಕೂತು ಹಿಮವನ್ನು ಬಾಚಿ ದೂರ ಉಗುಳುವ ಸ್ನೋಬ್ಲೋವರ್ ನಡೆಸುವುದು ಅಂದರೆ, ಅದು ಉಗುಳಿದ ಹಿಮದಲ್ಲಿ ಅರ್ಧ ವಾಪಸ್ ನಿಮ್ಮ ಮುಖಕ್ಕೇ ಬರುತ್ತದೆ.

ಚಳಿಗಿಂತ ಕಷ್ಟ ಕೊಡುವುದು ಗಾಳಿ. ಅಮೆರಿಕ, ಕೆನಡಾ ಎರಡೂ 2001ರಿಂದ ಬಳಸುತ್ತಿರುವ ವಿಂಡ್‌ಚಿಲ್ ಲೆಕ್ಕದಲ್ಲಿ ನೋಡಿ: ಹೊರಗೆ ಮೈನಸ್ 20 ಡಿಗ್ರಿ ಇದ್ದು ಗಂಟೆಗೆ 30 ಕಿ.ಮೀ. ವೇಗದ ಗಾಳಿ ಇದ್ದರೆ, ತೆರೆದ ಚರ್ಮಕ್ಕೆ ಅದು ಮೈನಸ್ 33 ಆದ ಹಾಗೆ. ಗಾಳಿಯನ್ನು ತಡೆದರೆ ಹೀಟರ್ ಇಲ್ಲದೆಯೇ ಆ 13 ಡಿಗ್ರಿ ಗೆದ್ದ ಹಾಗಾಯಿತು, ಅಲ್ವಾ?

ಹಾಗಾಗಿ ಈ ಕೆಲಸಕ್ಕೆ ಒಂದು ಕ್ರಮ ಇದೆ ಅಂತ ನಾನು ಬಲವಾಗಿ ನಂಬುತ್ತೇನೆ. ಮೊದಲು ಉಸಿರು, ಆಮೇಲೆ ಕಣ್ಣು, ಕೊನೆಗೆ ಬಿಸಿ. ಬಹಳ ಜನ ಇದನ್ನು ತಿರುಗಿಸಿ ಮಾಡುತ್ತಾರೆ. ಮೊದಲು ಹೀಟರ್ ಕೊಳ್ಳುತ್ತಾರೆ, ಸುತ್ತ ಪ್ಲಾಸ್ಟಿಕ್ ಬಿಗಿಯುತ್ತಾರೆ. ಹೊಗೆ ಎಲ್ಲಿಗೆ ಹೋಗುತ್ತದೆ, ಗಾಜಿನ ಮೇಲೆ ಮಂಜು ಕೂತರೆ ಏನು ಕಾಣುತ್ತದೆ ಅನ್ನುವ ಯೋಚನೆ ಆಮೇಲೆ ಬರುತ್ತದೆ.

ಶುರು ಮಾಡುವ ಮುಂಚೆ: ರೋಪ್ಸ್ ಮುಟ್ಟಬೇಡಿ

ಸೀಟಿನ ಹಿಂದೆ ನಿಂತಿರುವ ಕಬ್ಬಿಣದ ಕಮಾನಿಗೆ ರೋಪ್ಸ್ ಅನ್ನುತ್ತಾರೆ. ಗಾಡಿ ಮಗುಚಿದರೆ ಚಾಲಕನ ಜೀವ ಉಳಿಸುವುದು ಅದು. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಇಂಥ ರಕ್ಷಣೆ ಕಡ್ಡಾಯ ಮಾಡಿತು. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ 1976ರ ಅಕ್ಟೋಬರ್ ನಂತರ ತಯಾರಾದ, 20 ಹಾರ್ಸ್‌ಪವರಿಗಿಂತ ಜಾಸ್ತಿ ಇರುವ, ಕೂಲಿಯವರು ಓಡಿಸುವ ಟ್ರ್ಯಾಕ್ಟರಿಗೆ ಇದು ಇರಲೇಬೇಕು.

ಈ ಕಮಾನು ಸುಮ್ನೆ ಗಟ್ಟಿ ಕಬ್ಬಿಣ ಅಲ್ಲ. ಪೆಟ್ಟು ಬಿದ್ದಾಗ ಲೆಕ್ಕ ಹಾಕಿದಷ್ಟೇ ಬಾಗಿ, ಆ ಬಲವನ್ನು ತಾನು ನುಂಗಬೇಕು ಅಂತ ಪರೀಕ್ಷೆ ಮಾಡಿ ತಯಾರಿಸಿದ್ದು. ಅದಕ್ಕೆ ಒಂದು ತೂತು ಕೊರೆದರೆ ಪೆಟ್ಟಿನ ಬಲವೆಲ್ಲ ಆ ತೂತಿನ ಅಂಚಿಗೆ ಬಂದು ಸೇರುತ್ತದೆ. ವೆಲ್ಡಿಂಗ್ ಮಾಡಿದರೆ ಕಾದ ಜಾಗದ ಉಕ್ಕಿನ ಗುಣವೇ ಬದಲಾಗುತ್ತದೆ. ಎರಡರಲ್ಲಿ ಯಾವುದು ಮಾಡಿದರೂ ಆ ಕಮಾನಿನ ಮೇಲಿರುವ ಪ್ರಮಾಣದ ಚೀಟಿಗೆ ಬೆಲೆ ಇಲ್ಲ. ಆದ್ದರಿಂದ ಕ್ಯಾಬಿನ್ ಅನ್ನು ರೋಪ್ಸಿಗೆ ಸೇರಿಸುವುದು ಕ್ಲ್ಯಾಂಪಿನಿಂದ ಮಾತ್ರ. ತೂತು ಬೇಡ, ವೆಲ್ಡಿಂಗ್ ಬೇಡ, ಇರುವ ಬೋಲ್ಟ್ ಬಿಚ್ಚಿ ಬೇರೆ ಉದ್ದದ್ದು ಹಾಕುವುದೂ ಬೇಡ. ನೀವು ಕಟ್ಟುವ ಕ್ಯಾಬಿನ್ ಗಾಳಿ ಮತ್ತು ಹಿಮ ತಡೆಯಲಿಕ್ಕೆ. ಮಗುಚಿದಾಗ ಅದರಿಂದ ಯಾವ ರಕ್ಷಣೆಯೂ ಇಲ್ಲ.

ಸೀಟ್ ಬೆಲ್ಟ್ ಕೂಡ ಇದೇ ಮಾತಿಗೆ ಸೇರಿದ್ದು. ಕೆಲವು ಗಾಡಿಗಳ ರೋಪ್ಸ್ ಮಡಚಬಹುದು, ಆದರೆ ಕ್ಯಾಬಿನ್ ಒಳಗೆ ಅದು ಯಾವಾಗಲೂ ಎತ್ತಿಯೇ ಇರುತ್ತದೆ. ಅಂದ ಮೇಲೆ ಬೆಲ್ಟ್ ಕೂಡ ಯಾವಾಗಲೂ ಹಾಕಿಯೇ ಇರಬೇಕು. ದಪ್ಪ ಜಾಕೆಟ್ ಮೇಲೆ ಬೆಲ್ಟ್ ಸಾಲುತ್ತದಾ ಅಂತ ಈಗಲೇ ಹಾಕಿ ನೋಡಿ.

ಅಳತೆ: ಗ್ಯಾರೇಜ್ ಬಾಗಿಲಿಂದ ಶುರು

ಅಲ್ಲಿನ ಮನೆಗಳ ಸಾಮಾನ್ಯ ಗ್ಯಾರೇಜ್ ಬಾಗಿಲಿನ ಎತ್ತರ 7 ಅಡಿ, ಅಂದರೆ ಸುಮಾರು 2.13 ಮೀಟರ್. ಚಿಕ್ಕ ಟ್ರ್ಯಾಕ್ಟರಿನ ರೋಪ್ಸ್ ಎತ್ತಿದಾಗ ಅದರ ತುದಿ ಅಲ್ಲಿಗೆ ಹತ್ತಿರ ಬರುತ್ತದೆ, ಕೆಲವು ಗಾಡಿಗಳಲ್ಲಿ ದಾಟಿಯೇ ಹೋಗುತ್ತದೆ. ಅದಕ್ಕೇ ಮಡಚುವ ರೋಪ್ಸ್ ಮಾಡಿರುವುದು. ಕ್ಯಾಬಿನ್ ಹಾಕಿದ ಮೇಲೆ ಮಡಚಲು ಆಗುವುದಿಲ್ಲ. ಟ್ರ್ಯಾಕ್ಟರ್ ರಾತ್ರಿ ಎಲ್ಲಿ ನಿಲ್ಲುತ್ತದೆ ಅನ್ನುವುದು ಇತ್ಯರ್ಥ ಆಗದೆ ಒಂದು ಪೈಪನ್ನೂ ಕತ್ತರಿಸಬೇಡಿ. ಚಾವಣಿಯ ಮೇಲೆ ದೀಪ ಹಾಕುವುದಾದರೆ ಅದರ ಎತ್ತರವನ್ನೂ ಸೇರಿಸಿ. ಚಕ್ರಕ್ಕೆ ಚೈನ್ ಹಾಕುವವರು ಚೈನ್ ಹಾಕಿಯೇ ಅಳೆಯಿರಿ.

ಆಮೇಲೆ ಸೀಟಿನಲ್ಲಿ ಕೂರಿ. ಚಳಿಗಾಲದ ಜಾಕೆಟ್, ಟೋಪಿ, ಬೂಟು, ದಪ್ಪ ಗ್ಲೌಸ್, ಎಲ್ಲ ಹಾಕಿಕೊಂಡು ಕೂರಿ. ಟೋಪಿಗೂ ಚಾವಣಿಗೂ ನಡುವೆ ಕನಿಷ್ಠ 10 ಸೆಂ.ಮೀ. ಇರಲಿ. ಹೆಪ್ಪುಗಟ್ಟಿದ ನೆಲದ ಮೇಲೆ ಸೀಟು ಚೆನ್ನಾಗಿ ಕುಪ್ಪಳಿಸುತ್ತದೆ. ಲೋಡರ್, ಅಂದರೆ ಮುಂದಿನ ಬಕೆಟ್ ಎತ್ತುವ ತೋಳಿನ ಜಾಯ್‌ಸ್ಟಿಕ್ ಸಾಮಾನ್ಯವಾಗಿ ಬಲಗಡೆ ಇರುತ್ತದೆ. ಅದನ್ನು ನಾಲ್ಕೂ ದಿಕ್ಕಿಗೆ ಪೂರ್ತಿ ತಳ್ಳಿ, ಗ್ಲೌಸ್ ಹಾಕಿದ ಕೈ ಎಲ್ಲಿವರೆಗೆ ಹೋಗುತ್ತದೆ ನೋಡಿ. ಬಾಗಿಲು ಅದರಿಂದಾಚೆಗೆ 5 ಸೆಂ.ಮೀ. ದೂರ ಇರಬೇಕು. ಬಹಳ ಗಾಡಿಗಳಲ್ಲಿ ಬಲಬದಿಯ ಬಾಗಿಲನ್ನು ಇದಕ್ಕಾಗಿ ಸ್ವಲ್ಪ ಉಬ್ಬಿಸಬೇಕಾಗುತ್ತದೆ. ಪೆಡಲ್, ಹಿಂದೆ ಕೂಡಿಸಿದ ಉಪಕರಣ ಎತ್ತಿಳಿಸುವ ತ್ರೀ-ಪಾಯಿಂಟ್ ಲಿವರ್, ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಕೊಡುವ ಪಿಟಿಒ ಲಿವರ್, ಡೀಸೆಲ್ ಹಾಕುವ ಬಾಯಿ, ಎಲ್ಲವನ್ನೂ ಹೀಗೇ ನೋಡಿ.

ಲೋಡರನ್ನು ಪೂರ್ತಿ ಎತ್ತಿ, ಬಕೆಟ್ಟನ್ನು ಪೂರ್ತಿ ಮಡಚಿ. ತೋಳುಗಳು ಮುಂದಿನ ಗಾಜಿನ ಪಕ್ಕದಲ್ಲಿ ಹಾಯುವಾಗ ಎಷ್ಟು ಜಾಗ ಉಳಿಯುತ್ತದೆ? ಬಾನೆಟ್ ತೆಗೆದರೆ ಗಾಜಿಗೆ ತಾಗುತ್ತದಾ? ಹಿಂದೆ ಬ್ಯಾಕ್‌ಹೋ (ನೆಲ ಅಗೆಯುವ ತೋಳು) ಇದ್ದರೆ ಹಿಂದಿನ ಪ್ಯಾನೆಲ್ ಬಿಚ್ಚುವಂತಿರಬೇಕು. ಸ್ನೋಬ್ಲೋವರ್ ಹಿಂದೆ ಕೂಡಿಸುವ ಬಗೆಯದ್ದಾದರೆ ಚಳಿಗಾಲವಿಡೀ ನೀವು ಹಿಂದಕ್ಕೆ ತಿರುಗಿ ನೋಡುತ್ತಿರುತ್ತೀರಿ. ಆಗ ಹಿಂದಿನ ಗಾಜೇ ನಿಮ್ಮ ಮುಖ್ಯ ಗಾಜು. ವೈಪರ್ ಅಲ್ಲಿಗೇ ಹೋಗಬೇಕು.

ಯಾವ ಬಗೆಯದ್ದು?

ತೀರಾ ಸರಳವಾದದ್ದು ಎಂಜಿನ್ನಿನ ಎರಡೂ ಬದಿಗೆ ಕ್ಯಾನ್ವಾಸ್ ಕಟ್ಟಿ, ರೇಡಿಯೇಟರ್ ಫ್ಯಾನ್ ತಳ್ಳುವ ಬಿಸಿ ಗಾಳಿಯನ್ನು ಚಾಲಕನ ಕಡೆಗೆ ತಿರುಗಿಸುವುದು. ಇದಕ್ಕೆ ಹೀಟ್ ಹೌಸರ್ ಅನ್ನುತ್ತಾರೆ. ಹಳೆಯ ತಲೆಮಾರಿನ ಅಮೆರಿಕನ್ ರೈತರು ಇದರಲ್ಲೇ ಚಳಿಗಾಲ ಕಳೆದರು. ಖರ್ಚು ಕಮ್ಮಿ. ಆದರೆ ತಲೆಯ ಮೇಲೆ ಏನೂ ಇರುವುದಿಲ್ಲ. ಎಕ್ಸಾಸ್ಟ್ ಜೋಡಣೆಯಲ್ಲಿ ಎಲ್ಲಾದರೂ ಸೋರಿಕೆ ಇದ್ದರೆ ಆ ಹೊಗೆಯೂ ಬಿಸಿ ಗಾಳಿಯ ಜೊತೆ ನಿಮ್ಮ ಕಡೆಗೇ ಬರುತ್ತದೆ.

ಎರಡನೆಯದು ಮೆತ್ತನೆ ಕ್ಯಾಬಿನ್. ಕಬ್ಬಿಣದ ಚೌಕಟ್ಟು, ಸುತ್ತ ಬಟ್ಟೆ ಮತ್ತು ಪಾರದರ್ಶಕ ವಿನೈಲ್. ಕಂಪನಿಗಳ ಕಿಟ್ ಸಿಗುತ್ತದೆ, ಬೇಗ ಹಾಕಬಹುದು, ಬೇಗ ತೆಗೆಯಬಹುದು. ತಗೊಳ್ಳುವಾಗ ಒಂದು ಪ್ರಶ್ನೆ ಕೇಳಲೇಬೇಕು: ಈ ವಿನೈಲ್ ಎಷ್ಟು ಡಿಗ್ರಿ ಚಳಿಯಲ್ಲಿ ಸೀಳುತ್ತದೆ? ಅದನ್ನು ಕೋಲ್ಡ್ ಕ್ರ್ಯಾಕ್ ಮಟ್ಟ ಅನ್ನುತ್ತಾರೆ. ನಿಮ್ಮೂರಿನ ಅತಿ ಚಳಿಗಿಂತ ಅದು ಕೆಳಗಿರಬೇಕು. ಇಲ್ಲದಿದ್ದರೆ ಜನವರಿಯ ಒಂದು ಬೆಳಗ್ಗೆ ಬಾಗಿಲು ಎಳೆದ ಕೂಡಲೇ ಹರಿಯುತ್ತದೆ.

ಮೂರನೆಯದು ಗಟ್ಟಿ ಕ್ಯಾಬಿನ್. ಗಾಜು, ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್, ಲೋಹದ ಬಾಗಿಲು. ಅನೇಕ ಮಾದರಿಗಳಿಗೆ ಅಳತೆಗೆ ಸರಿಯಾದ ಕಿಟ್ ಸಿಗುತ್ತದೆ. ಬೆಲೆ ಕೆಲವು ಸಾವಿರ ಡಾಲರ್. ನಿಮ್ಮ ಮಾದರಿಗೆ ಕಿಟ್ ಇದ್ದು ಕೈಯಲ್ಲಿ ಹಣವೂ ಇದ್ದರೆ ಕಿಟ್ಟೇ ತಗೊಳ್ಳಿ. ಕಿಟ್ ಇಲ್ಲದವರು, ಹಳೆಯ ಗಾಡಿ ಇರುವವರು, ಸ್ವಂತ ಕೈಯಿಂದ ಮಾಡುವ ಆಸೆ ಇರುವವರು ಮುಂದೆ ಓದಿ. ಕಿಟ್ ತಗೊಂಡವರಿಗೂ ಗಾಳಿ, ಹೀಟರ್, ಕರೆಂಟಿನ ಭಾಗ ಅಷ್ಟೇ ಅನ್ವಯಿಸುತ್ತದೆ.

ಮೊದಲು ರಟ್ಟಿನಲ್ಲಿ

ಫ್ರಿಜ್ ಅಥವಾ ಹೊಸ ಸೋಫಾ ಬಂದ ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಕೂಡಿಡಿ. ತೆಳ್ಳನೆಯ ಮರದ ಪಟ್ಟಿಗಳಿಂದ ಚೌಕಟ್ಟು ನಿಲ್ಲಿಸಿ, ರಟ್ಟನ್ನು ಪ್ರತಿ ಮುಖಕ್ಕೂ ಕತ್ತರಿಸಿ ಟೇಪ್ ಹಚ್ಚಿ. ಫೆಂಡರಿನ (ಚಕ್ರದ ಮಡ್‌ಗಾರ್ಡಿನ) ಬಾಗು, ಲಿವರ್ ಹೊರಬರುವ ಸೀಳು, ಎಲ್ಲವೂ ರಟ್ಟಿನಲ್ಲೇ ಸರಿಹೋಗಲಿ. ಕಿಟಕಿ ಬರುವಲ್ಲಿ ಕತ್ತರಿಸಿ ತೆಗೆದು ಒಳಗೆ ಕೂತು ನೋಡಿ. ಮುಂದಿನ ಚಕ್ರಗಳು ಕಾಣುತ್ತವಾ? ಸ್ನೋಬ್ಲೋವರಿನ ಎರಡೂ ತುದಿ, ಅದು ಹಿಮ ಉಗುಳುವ ಚಿಮಣಿ, ಪಕ್ಕದ ಮೇಲ್‌ಬಾಕ್ಸ್ ಕಾಣುತ್ತವಾ? ಕಾಣದಿದ್ದರೆ ಕಂಬದ ಜಾಗ ಬದಲಾಯಿಸಿ. ಎರಡು ಡಾಲರ್ ಟೇಪಿನಲ್ಲಿ ಮುಗಿಯುವ ತಿದ್ದುಪಡಿ ಇದು. ಪಾಲಿಕಾರ್ಬೊನೇಟ್ ಕತ್ತರಿಸಿದ ಮೇಲೆ ಹಾಗಲ್ಲ.

ಈ ರಟ್ಟುಗಳನ್ನು ಎಸೆಯಬೇಡಿ. ಅವೇ ಹಾಳೆ ಕತ್ತರಿಸುವ ಅಚ್ಚು. ಪ್ರತಿಯೊಂದರ ಮೇಲೂ ಎಡ, ಬಲ, ಮೇಲೆ, ಹೊರಗಿನ ಮುಖ ಅಂತ ಬರೆದಿಡಿ.

ಚೌಕಟ್ಟು

25 ಮಿ.ಮೀ. ಚೌಕದ, 1.6 ಮಿ.ಮೀ. ದಪ್ಪದ ಉಕ್ಕಿನ ಪೈಪು ಸಾಕು. ವೆಲ್ಡಿಂಗ್ ಬಾರದವರು ನಟ್ಟು ಬೋಲ್ಟಿನಲ್ಲಿ ಕೂಡಿಸುವ ಅಲ್ಯೂಮಿನಿಯಂ ಪಟ್ಟಿಗಳನ್ನು ಬಳಸಬಹುದು. ಅವು ದುಬಾರಿ, ಆದರೆ ಅಳತೆ ತಪ್ಪಿದರೆ ಸಡಿಲಿಸಿ ಸರಿಸಬಹುದು, ತುಕ್ಕಿನ ಚಿಂತೆ ಇಲ್ಲ. ಎಷ್ಟು ಹಗುರವಾದರೆ ಅಷ್ಟು ಒಳ್ಳೆಯದು. ತೂಕ ಮೇಲೇರಿದಷ್ಟೂ ಇಳಿಜಾರಿನಲ್ಲಿ ಗಾಡಿ ಮಗುಚುವ ಭಯ ಜಾಸ್ತಿ.

ಚೌಕಟ್ಟು ಮೂರು ಕಡೆ ನಿಲ್ಲುತ್ತದೆ. ಹಿಂದೆ ರೋಪ್ಸಿಗೆ ಯು-ಬೋಲ್ಟ್ ಅಥವಾ ಎರಡು ಹೋಳಿನ ಕ್ಲ್ಯಾಂಪಿನಿಂದ, ನಡುವೆ ದಪ್ಪ ರಬ್ಬರ್ ಹಾಕಿ. ಕೆಳಗೆ ಫೆಂಡರ್ ಮತ್ತು ಕಾಲಿಡುವ ತಟ್ಟೆಯ ಬೋಲ್ಟುಗಳಿಗೆ. ಮುಂದೆ ಸ್ಟೇರಿಂಗಿನ ಮುಂದಿರುವ ಡ್ಯಾಶ್ ಭಾಗದ ಗಟ್ಟಿ ಲೋಹಕ್ಕೆ. ಅಲ್ಲಿನ ಪ್ಲಾಸ್ಟಿಕ್ ಮುಚ್ಚಳಕ್ಕೆ ಭಾರ ಬೀಳಬಾರದು. ಮುಟ್ಟುವ ಪ್ರತಿ ಜಾಗದಲ್ಲೂ ರಬ್ಬರ್ ಬುಷ್ ಇರಲಿ. ಇದು ಶಬ್ದದ ವಿಷಯ. ಮೂರು ಸಿಲಿಂಡರಿನ ಡೀಸೆಲ್ ಎಂಜಿನ್ನಿನ ನಡುಕ ನೇರವಾಗಿ ಚೌಕಟ್ಟಿಗೆ ಹೋದರೆ, ಖಾಲಿ ಡಬ್ಬಿಯೊಳಗೆ ಕೂತು ಹೊರಗಿಂದ ಯಾರೋ ಬಡಿಯುತ್ತಿರುವ ಹಾಗಾಗುತ್ತದೆ. ತೆರೆದ ಗಾಡಿಗಿಂತ ಸ್ವಂತ ಕಟ್ಟಿದ ಕ್ಯಾಬಿನ್ ಒಳಗೆ ಗಲಾಟೆ ಹೆಚ್ಚಾಗುವುದು ಸಾಮಾನ್ಯ. ಚಾವಣಿಯ ಒಳಬದಿಗೆ ನೀರು ಹೀರದ ಫೋಮ್, ನೆಲಕ್ಕೆ ಭಾರದ ರಬ್ಬರ್ ಚಾಪೆ ಹಾಕಿ. ಅದರ ಮೇಲೂ ಕಿವಿಗೆ ಇಯರ್ ಮಫ್ ಹಾಕಿಕೊಳ್ಳಿ. 8 ಗಂಟೆಯ ಕೆಲಸಕ್ಕೆ 85 ಡೆಸಿಬಲ್ ಅನ್ನುವುದು ಅಮೆರಿಕದ ಆರೋಗ್ಯ ತಜ್ಞರು ಹೇಳುವ ಮಿತಿ.

ಚಾವಣಿ ಹಿಂದಕ್ಕೆ ಸ್ವಲ್ಪ ಇಳಿಜಾರಿರಲಿ. ಕರಗಿದ ನೀರು ಮುಂದಿನ ಗಾಜಿನ ಮೇಲೆ ಇಳಿದು ಮತ್ತೆ ಹೆಪ್ಪುಗಟ್ಟಬಾರದು.

ಗಾಜು ಎಲ್ಲಿ, ಪಾಲಿಕಾರ್ಬೊನೇಟ್ ಎಲ್ಲಿ

ವೈಪರ್ ಓಡುವ ಮುಖಕ್ಕೆ ನಿಜವಾದ ಗಾಜೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ಕಾರಿನ ಮುಂದಿನ ಗಾಜಿನ ಹಾಗೆ ಎರಡು ಪದರದ ನಡುವೆ ಪೊರೆ ಇರುವ ಲ್ಯಾಮಿನೇಟೆಡ್ ಗಾಜು. ಗಾಜಿನ ಅಂಗಡಿಯವರಿಗೆ ನಿಮ್ಮ ರಟ್ಟಿನ ಅಚ್ಚು ಕೊಟ್ಟರೆ ಕತ್ತರಿಸಿಕೊಡುತ್ತಾರೆ. ಟೆಂಪರ್ಡ್ ಗಾಜನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ, ಮುಟ್ಟಿದರೆ ಪುಡಿಪುಡಿ. ಸಾದಾ ಪಾಲಿಕಾರ್ಬೊನೇಟ್ ಮೇಲೆ ವೈಪರ್ ಓಡಿಸಿದರೆ ಒಂದೇ ಚಳಿಗಾಲದಲ್ಲಿ ಗೀರು ಬಿದ್ದು, ರಾತ್ರಿ ದೀಪದ ಬೆಳಕಿಗೆ ಏನೂ ಕಾಣದ ಹಾಗಾಗುತ್ತದೆ. ಗೀರು ತಡೆಯುವ ಲೇಪನ ಇರುವ ಹಾಳೆ ಪರವಾಗಿಲ್ಲ.

ಉಳಿದ ಮುಖಗಳಿಗೆ 5 ಅಥವಾ 6 ಮಿ.ಮೀ. ಪಾಲಿಕಾರ್ಬೊನೇಟ್ ಒಳ್ಳೆಯದು. 6 ಮಿ.ಮೀ. ಗಾಜು ಒಂದು ಚದರ ಮೀಟರಿಗೆ 15 ಕೆ.ಜಿ. ತೂಗಿದರೆ ಇದು 7 ಕೆ.ಜಿ. ಚಿಲ್ಲರೆ. ಅಕ್ರಿಲಿಕ್ ಅನ್ನುವ ಇನ್ನೊಂದು ಪಾರದರ್ಶಕ ಪ್ಲಾಸ್ಟಿಕ್ ಅಗ್ಗ ಅಂತ ಆಸೆಪಡಬೇಡಿ. ಚಳಿಯಲ್ಲಿ ಕೊಂಬೆಯೊಂದು ತಾಗಿದರೂ ಚೂಪು ಚೂರಾಗಿ ಒಡೆಯುತ್ತದೆ.

ಪಾಲಿಕಾರ್ಬೊನೇಟಿಗೆ ಕೆಲವು ಸ್ವಭಾವಗಳಿವೆ. ಬಿಸಿ ಚಳಿಗೆ ಗಾಜಿಗಿಂತ ಬಹಳ ಜಾಸ್ತಿ ಹಿಗ್ಗುತ್ತದೆ, ಕುಗ್ಗುತ್ತದೆ. ಬೇಸಿಗೆಯ 30 ಡಿಗ್ರಿಯಿಂದ ಚಳಿಗಾಲದ ಮೈನಸ್ 30ಕ್ಕೆ ಬಂದರೆ, ಒಂದು ಮೀಟರ್ ಉದ್ದದ ಹಾಳೆ ಸುಮಾರು 4 ಮಿ.ಮೀ. ಕಿರಿದಾಗುತ್ತದೆ. ಅದಕ್ಕೇ 6 ಮಿ.ಮೀ. ಬೋಲ್ಟಿಗೆ 9ರಿಂದ 10 ಮಿ.ಮೀ. ತೂತು ಕೊರೆಯಿರಿ. ತೂತಿನ ನಡುವಿನಿಂದ ಹಾಳೆಯ ಅಂಚಿಗೆ ಕನಿಷ್ಠ 20 ಮಿ.ಮೀ. ಇರಲಿ. ಮೇಲೆ ಕೆಳಗೆ ರಬ್ಬರ್ ವಾಷರ್, ಅದರ ಮೇಲೆ ಅಗಲವಾದ ಸ್ಟೀಲ್ ವಾಷರ್. ಬೋಲ್ಟನ್ನು ಪೂರ್ತಿ ಬಿಗಿಯಬೇಡಿ, ಹಾಳೆ ಸರಿಯಲು ಜಾಗ ಬೇಕು. ಸಡಿಲಾಗದಿರಲಿ ಅಂತ ಬೋಲ್ಟಿಗೆ ಹಚ್ಚುವ ಥ್ರೆಡ್‌ಲಾಕರ್ ದ್ರವವನ್ನು ಇಲ್ಲಿ ಹಚ್ಚಲೇಬೇಡಿ. ಅದು ತಾಗಿದ ಕಡೆ ಪಾಲಿಕಾರ್ಬೊನೇಟ್ ಬಿರುಕು ಬಿಡುತ್ತದೆ. ನೈಲಾನ್ ಹಾಕಿದ ಲಾಕ್ ನಟ್ಟು ಬಳಸಿ. ಅಮೋನಿಯಾ ಇರುವ ಗಾಜಿನ ಕ್ಲೀನರ್, ಪೆಟ್ರೋಲ್, ಥಿನ್ನರ್ ಕೂಡ ಹತ್ತಿರ ತರಬೇಡಿ. ಸೋಪು ನೀರು, ಮೆತ್ತನೆ ಬಟ್ಟೆ ಸಾಕು.

ಕತ್ತರಿಸುವಾಗ ಹಾಳೆಯ ಮೇಲಿನ ರಕ್ಷಣೆಯ ಪೊರೆ ಹಾಗೇ ಇರಲಿ. ಸಣ್ಣ ಹಲ್ಲಿನ ಬ್ಲೇಡ್ ಹಾಕಿ, ಹಾಳೆಯನ್ನು ಪೂರ್ತಿ ಆನಿಸಿ, ನಿಧಾನವಾಗಿ. ಅಂಚನ್ನು ಮರಳು ಕಾಗದದಿಂದ ಉಜ್ಜಿ ನಯ ಮಾಡಿ. ಬಿರುಕು ಶುರುವಾಗುವುದು ಒರಟು ಅಂಚಿನಿಂದಲೇ.

ಬಾಗಿಲು, ಮತ್ತು ಇನ್ನೊಂದು ದಾರಿ

ಬಾಗಿಲು ಎರಡೂ ಬದಿಗೆ ಇರಲಿ. ಎತ್ತಿ ತೆಗೆಯಬಹುದಾದ ಹಿಂಜು (ಬಾಗಿಲ ಕೀಲು) ಹಾಕಿದರೆ ಬಿಸಿಲಿನ ದಿನ ಬಾಗಿಲು ತೆಗೆದಿಟ್ಟು ಓಡಿಸಬಹುದು. ಹಿಂಜನ್ನು ಹಿಂದಿನ ಕಂಬಕ್ಕೆ ಕೂಡಿಸುವುದು ಸುಲಭ, ಗಟ್ಟಿಯಾದ ಕಂಬ ಅಲ್ಲೇ ಇರುವುದು. ಆದರೆ ಹಾಗೆ ಕೂಡಿಸಿದ ಬಾಗಿಲನ್ನು ಎದುರುಗಾಳಿ ಹಿಡಿದು ಕೀಳುತ್ತದೆ. ಎಷ್ಟು ತೆರೆಯಬೇಕೋ ಅಷ್ಟಕ್ಕೆ ತಡೆಯುವ ಗಟ್ಟಿ ಪಟ್ಟಿ ಹಾಕಲೇಬೇಕು. ಚಿಲಕ ಒಳಗಿನಿಂದ ಗ್ಲೌಸ್ ಹಾಕಿದ ಕೈಯಲ್ಲಿ, ಒಂದೇ ಎಳೆತಕ್ಕೆ ತೆರೆಯಬೇಕು.

ಗಾಡಿ ಪಕ್ಕಕ್ಕೆ ಬಿದ್ದರೆ ಒಂದು ಬಾಗಿಲು ನೆಲಕ್ಕೆ ಒತ್ತಿ ಕೂರುತ್ತದೆ, ಇನ್ನೊಂದನ್ನು ಮೇಲಕ್ಕೆ ಎತ್ತಬೇಕಾಗುತ್ತದೆ. ಕಾರಿನಲ್ಲಾದರೆ ಸುತ್ತಿಗೆಯಿಂದ ಗಾಜು ಒಡೆದು ಬರಬಹುದು. ಪಾಲಿಕಾರ್ಬೊನೇಟ್ ಒಡೆಯುವುದೇ ಇಲ್ಲ. ಆದ್ದರಿಂದ ಹಿಂದಿನ ಪ್ಯಾನೆಲನ್ನು ಒಳಗಿನಿಂದ ಎರಡು ಪಿನ್ ಎಳೆದರೆ ಹೊರಕ್ಕೆ ಬೀಳುವ ಹಾಗೆ ಮಾಡಿ. ಪಿನ್ನಿಗೆ ಕೆಂಪು ಪಟ್ಟಿ ಕಟ್ಟಿ. ಗಾಡಿ ಓಡಿಸುವ ಮನೆಯವರೆಲ್ಲ ಒಮ್ಮೆ ಎಳೆದು, ಹೊರಗೆ ಹತ್ತಿ ಇಳಿದು ನೋಡಲಿ.

ಉಸಿರು

ಕ್ಯಾಬಿನ್ ಮುಚ್ಚುತ್ತಿದ್ದ ಹಾಗೆ ಕಾರ್ಬನ್ ಮಾನಾಕ್ಸೈಡ್ ಚಿಂತೆ ಶುರುವಾಗಬೇಕು. ಎಂಜಿನ್ ಹೊಗೆಯಲ್ಲಿರುವ ಈ ವಿಷದ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಡೀಸೆಲ್ ಎಂಜಿನ್ ಪೆಟ್ರೋಲಿನದ್ದಕ್ಕಿಂತ ಬಹಳ ಕಮ್ಮಿ ಬಿಡುತ್ತದೆ ನಿಜ. ಆದರೆ ಮುಚ್ಚಿದ ಪುಟ್ಟ ಜಾಗದಲ್ಲಿ ಕಮ್ಮಿಯೂ ಸಾಕು.

ನಿಮ್ಮ ಗಾಡಿಯ ಎಕ್ಸಾಸ್ಟ್ ಎಲ್ಲಿ ಬಾಯಿ ಬಿಡುತ್ತದೆ ನೋಡಿ. ಬಹಳ ಚಿಕ್ಕ ಟ್ರ್ಯಾಕ್ಟರುಗಳಲ್ಲಿ ಅದು ಬಾನೆಟ್ಟಿನ ಕೆಳಗೆ, ಮುಂದೆ ಅಥವಾ ಪಕ್ಕಕ್ಕೆ ತಿರುಗಿರುತ್ತದೆ. ತೆರೆದ ಗಾಡಿಗೆ ಅದು ತೊಂದರೆ ಇರಲಿಲ್ಲ. ಈಗ ಗಾಡಿ ಮುಂದೆ ಹೋಗುವಾಗ ಆ ಹೊಗೆ ನೇರ ನಿಮ್ಮ ನೆಲದ ಸಂದುಗಳಿಗೆ ಬರುತ್ತದೆ. ಪಕ್ಕದಲ್ಲಿ ಹಿಮದ ಗೋಡೆ ಇದ್ದರೆ ಹೋಗಲು ಬೇರೆ ದಾರಿಯೂ ಇರುವುದಿಲ್ಲ. ಬಾಯಿ ಬಾಗಿಲ ಕೆಳಗೆ ಇದ್ದರೆ ಪೈಪು ಉದ್ದ ಮಾಡಿ ದೂರಕ್ಕೆ ತಿರುಗಿಸಿ. ಪೈಪಿನ ಅಗಲ ಮೂಲಕ್ಕಿಂತ ಕಮ್ಮಿ ಆಗಬಾರದು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಸೈಲೆನ್ಸರ್ ಜೋಡಣೆಗಳ ಹತ್ತಿರ ಕಪ್ಪು ಮಸಿ ಕಂಡರೆ ಮೊದಲು ಅದನ್ನು ಸರಿಮಾಡಿಸಿ.

ಆಮೇಲೆ ನೆಲ ಮತ್ತು ಮುಂಭಾಗದ ಸಂದುಗಳನ್ನು ಮುಚ್ಚಿ. ಮೊದಲ ಸರದಿ ಇವುಗಳದ್ದೇ, ಬಾಗಿಲಿನದ್ದಲ್ಲ. ಗಾಜು ಬಾನೆಟ್ಟಿಗೆ ಸೇರುವಲ್ಲಿ ಕಾರಿನ ಬಾಗಿಲಿಗೆ ಹಾಕುವಂಥ ಟೊಳ್ಳು ರಬ್ಬರ್ ಬೀಡಿಂಗ್. ಪೆಡಲ್, ಲಿವರ್ ಆಡುವ ಸೀಳುಗಳಿಗೆ ಬ್ರಷ್ ಪಟ್ಟಿ ಅಥವಾ ನಡುವೆ ಸೀಳಿದ ರಬ್ಬರ್ ಹಾಳೆ. ವೈರ್ ಹಾಯುವ ತೂತಿಗೆ ಗ್ರೋಮೆಟ್, ಅಂದರೆ ರಬ್ಬರ್ ಬಳೆ. ರಾತ್ರಿ ಕ್ಯಾಬಿನ್ ಒಳಗೆ ಜೋರು ದೀಪ ಇಟ್ಟು ಹೊರಗಿಂದ ನೋಡಿದರೆ ಉಳಿದ ಸಂದೆಲ್ಲ ಕಾಣುತ್ತದೆ.

ಮುಚ್ಚಿದ ಮೇಲೆ ಒಳಗೆ ಹೊಸ ಗಾಳಿ ಬರಲು ಬೇಕೆಂದೇ ಒಂದು ದಾರಿ ಕೊಡಬೇಕು. ಚಾವಣಿಯ ಹಿಂಭಾಗದಲ್ಲಿ, ಎಕ್ಸಾಸ್ಟಿನಿಂದ ದೂರ, ಎತ್ತರದಲ್ಲಿ ಒಂದು ಕಿಂಡಿ ಮಾಡಿ. ಅಲ್ಲಿಂದ ಚಿಕ್ಕ ಫ್ಯಾನಿನಿಂದ ಗಾಳಿ ಎಳೆದರೆ ಒಳಗಿನ ಒತ್ತಡ ಹೊರಗಿಗಿಂತ ತುಸು ಜಾಸ್ತಿ ಇರುತ್ತದೆ. ಆಗ ಉಳಿದ ಸಂದುಗಳಲ್ಲಿ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಹೊಗೆಯಾಗಲಿ ಹಿಮದ ಪುಡಿಯಾಗಲಿ ಒಳಗೆ ಬರುವುದಿಲ್ಲ. ಇದನ್ನು ಪರೀಕ್ಷಿಸಲು ದೇವರ ಮನೆಯ ಊದುಬತ್ತಿಯೇ ಸಾಕು. ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ, ಎಂಜಿನ್ ಮತ್ತು ಫ್ಯಾನ್ ಓಡುವಾಗ ಊದುಬತ್ತಿಯನ್ನು ಪ್ರತಿ ಸಂದಿನ ಹತ್ತಿರ ಹಿಡಿಯಿರಿ. ಹೊಗೆ ಸಂದಿನತ್ತ ಎಳೆದುಕೊಂಡು ಹೊರಟರೆ ಸರಿ. ನಿಮ್ಮ ಕಡೆ ತಳ್ಳಿಕೊಂಡು ಬಂದರೆ ಆ ಸಂದು ಇನ್ನೂ ಮುಚ್ಚಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇಕು. ಮನೆಗೆ ಹಾಕುವ ಸಾಮಾನ್ಯ ಅಲಾರಂಗಳು ಹೆಚ್ಚಾಗಿ 4 ಡಿಗ್ರಿಯಿಂದ 38 ಡಿಗ್ರಿ ಒಳಗೆ ಕೆಲಸ ಮಾಡಲು ಮಾಡಿದ್ದು. ಪ್ರಯಾಣದ ಮನೆಗಾಡಿ ಮತ್ತು ದೋಣಿಗಳಿಗೆ ಅಂತ ಮಾಡಿದ್ದು ಕೊರೆಯುವ ಚಳಿಯನ್ನೂ ತಡೆಯುತ್ತದೆ, ಅದನ್ನೇ ತಗೊಳ್ಳಿ. ತಲೆನೋವು, ತಲೆ ಸುತ್ತು, ವಾಕರಿಕೆ ಬಂದರೆ ಅಲಾರಂ ಕೂಗಲಿ ಬಿಡಲಿ, ಬಾಗಿಲು ತೆಗೆದು ಕೆಳಗಿಳಿಯಿರಿ.

ಬಿಸಿ

ಹೊರಗೆ ಮೈನಸ್ 20, ಒಳಗೆ 10 ಡಿಗ್ರಿ ಬೇಕು ಅನ್ನೋಣ. ಕ್ಯಾಬಿನ್ನಿನ ಸುತ್ತಿನ ಹಾಳೆ ಒಟ್ಟು 6 ಚದರ ಮೀಟರ್ ಇದ್ದರೆ, ಆ ಹಾಳೆಯ ಮೂಲಕವೇ ಸುಮಾರು 1 ಕಿಲೋವ್ಯಾಟ್ ಶಾಖ ಹೊರಗೆ ಹೋಗುತ್ತದೆ. ಸಂದುಗಳ ಸೋರಿಕೆ, ಹೊಸ ಗಾಳಿ ಬಿಸಿ ಮಾಡುವುದು ಬೇರೆ. ಸಿಗರೇಟ್ ಲೈಟರ್ ಪಾಯಿಂಟಿಗೆ ಚುಚ್ಚುವ 12 ವೋಲ್ಟಿನ ಚಿಕ್ಕ ಹೀಟರುಗಳು 150 ವ್ಯಾಟಿನ ಆಸುಪಾಸು. ಅವುಗಳಿಂದ ಕೈ ಬೆಚ್ಚಗೆ ಆಗಬಹುದು, ಕ್ಯಾಬಿನ್ ಆಗುವುದಿಲ್ಲ.

ಪ್ರೊಪೇನ್ ಹೀಟರನ್ನು ಒಳಗೆ ಉರಿಸಲೇಬೇಡಿ. ಮಾನಾಕ್ಸೈಡ್ ಅಪಾಯ ಒಂದು ಕಡೆ. ಇನ್ನೊಂದು ಕಡೆ, ಒಂದು ಕೆ.ಜಿ. ಪ್ರೊಪೇನ್ ಉರಿದರೆ ಒಂದೂವರೆ ಕೆ.ಜಿ.ಗಿಂತ ಜಾಸ್ತಿ ನೀರಾವಿ ಹುಟ್ಟುತ್ತದೆ. ಅದೆಲ್ಲ ಹೋಗಿ ಗಾಜಿನ ಮೇಲೆ ಮಂಜಾಗಿ ಕೂರುತ್ತದೆ.

ಸರಿಯಾದ ದಾರಿ ಕೂಲೆಂಟ್, ಅಂದರೆ ಎಂಜಿನ್ನನ್ನು ತಣಿಸುವ ದ್ರವ ಬಳಸುವ ಹೀಟರ್. 3ರಿಂದ 5 ಕಿಲೋವ್ಯಾಟಿನ ಪೆಟ್ಟಿಗೆಗಳು ಸಿಗುತ್ತವೆ. ಬಿಸಿ ಕೂಲೆಂಟನ್ನು ಥರ್ಮೋಸ್ಟಾಟಿನ ಎಂಜಿನ್ ಬದಿಯಿಂದ ತಗೊಳ್ಳಬೇಕು, ರೇಡಿಯೇಟರ್ ಬದಿಯಿಂದಲ್ಲ. ಥರ್ಮೋಸ್ಟಾಟ್ ಅಂದರೆ ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್. ರೇಡಿಯೇಟರಿಗೆ ಹೋಗುವ ಮೇಲಿನ ಹೋಸಿನಿಂದ ತಗೊಂಡರೆ ಥರ್ಮೋಸ್ಟಾಟ್ ತೆರೆಯುವ ತನಕ ಏನೂ ಹರಿಯುವುದಿಲ್ಲ. ವಾಪಸ್ ಹೋಗುವ ಪೈಪು ವಾಟರ್ ಪಂಪ್ ಎಳೆಯುವ ಬದಿಗೆ, ಸಾಮಾನ್ಯವಾಗಿ ಕೆಳಗಿನ ಹೋಸಿಗೆ ಟೀ (T ಆಕಾರದ ಜೋಡಣೆ) ಹಾಕಿ ಸೇರಬೇಕು. ನಿಮ್ಮ ಎಂಜಿನ್ನೇ ಕಂಪನಿಯ ಕ್ಯಾಬಿನ್ ಮಾದರಿಯಲ್ಲೂ ಇದ್ದರೆ, ಹೀಟರಿನ ಬಾಯಿಗಳು ಪ್ಲಗ್ ಹಾಕಿಕೊಂಡು ಆಗಲೇ ಇರಬಹುದು. ಡೀಲರ್ ಹತ್ತಿರ ಬಿಡಿಭಾಗಗಳ ಚಿತ್ರ ಕೇಳಿ ನೋಡಿ.

ಹೀಟರ್ ಪೆಟ್ಟಿಗೆ ರೇಡಿಯೇಟರ್ ಮುಚ್ಚಳಕ್ಕಿಂತ ಕೆಳಗಿದ್ದರೆ ಕೆಲಸ ಹಗುರ. ಚಾವಣಿಯಲ್ಲಿ ಇಟ್ಟರೆ ಗಾಳಿ ಸಿಕ್ಕಿಕೊಂಡು ಹರಿವು ನಿಲ್ಲುತ್ತದೆ, ಮೇಲ್ತುದಿಯಲ್ಲಿ ಗಾಳಿ ಬಿಡುವ ತಿರುಪು ಬೇಕಾಗುತ್ತದೆ. ಎರಡೂ ಪೈಪಿಗೆ ವಾಲ್ವ್ ಹಾಕಿ. ಹೋಸ್ ಎಕ್ಸಾಸ್ಟಿಗೆ, ಫ್ಯಾನ್ ಬೆಲ್ಟಿಗೆ, ಚೂಪಾದ ಅಂಚಿಗೆ ತಾಗದಂತೆ ಕಟ್ಟಿ. ಹೊಸದಾಗಿ ತುಂಬುವ ಕೂಲೆಂಟ್ ಎಥಿಲೀನ್ ಗ್ಲೈಕಾಲ್ ಅರ್ಧ, ಶುದ್ಧ ನೀರು ಅರ್ಧ ಇದ್ದರೆ ಮೈನಸ್ 37ರವರೆಗೆ ಹೆಪ್ಪುಗಟ್ಟುವುದಿಲ್ಲ. ಚೆಲ್ಲಿದ್ದನ್ನು ತಕ್ಷಣ ಒರೆಸಿ. ಅದು ಸಿಹಿಯಾಗಿರುತ್ತದೆ, ನಾಯಿ ನೆಕ್ಕಿದರೆ ಸಾಯುತ್ತದೆ.

ಡೀಸೆಲ್ ಎಂಜಿನ್ ಸುಮ್ನೆ ಐಡಲ್‌ನಲ್ಲಿ ನಿಂತರೆ ಹೆಚ್ಚು ಬಿಸಿ ಆಗುವುದಿಲ್ಲ. ಸ್ನೋಬ್ಲೋವರ್ ಓಡುವಾಗ ಬೇಕಾದಷ್ಟು ಶಾಖ ಸಿಗುತ್ತದೆ. ಹಗುರ ಕೆಲಸವೇ ಜಾಸ್ತಿ ಇರುವವರಿಗೆ 2 ಕಿಲೋವ್ಯಾಟಿನ ಡೀಸೆಲ್ ಏರ್ ಹೀಟರ್ ಒಳ್ಳೆಯ ಆಯ್ಕೆ. ಗಂಟೆಗೆ ಕಾಲು ಲೀಟರ್ ಡೀಸೆಲ್ ಸಾಕು. ಅದರ ಉರಿಗೆ ಬೇಕಾದ ಗಾಳಿಯೂ, ಅದರ ಹೊಗೆಯೂ ಪೂರ್ತಿ ಹೊರಗಿನ ಪೈಪಿನಲ್ಲೇ ಆಗಬೇಕು.

ಬಿಸಿ ಗಾಳಿಯ ಮೊದಲ ಪಾಲು ಗಾಜಿಗೆ, ಎರಡನೆಯದು ಕಾಲಿಗೆ. ಬೂಟಿನ ಹಿಮ ಕರಗಿ ಆವಿಯಾಗುತ್ತಲೇ ಇರುತ್ತದೆ, ನಿಮ್ಮ ಉಸಿರೂ ಸೇರುತ್ತದೆ. ಒಳಗಿನ ಗಾಳಿಯನ್ನೇ ಹೀಟರ್ ಸುತ್ತಿಸುತ್ತಿದ್ದರೆ ಗಾಜು ಮಂಜಾಗುತ್ತಲೇ ಇರುತ್ತದೆ. ಮೊದಲು ಹೇಳಿದ ಕಿಂಡಿಯ ಗಾಳಿಯನ್ನು ಹೀಟರ್ ಮೂಲಕವೇ ಹಾಯಿಸಿ. ಹೊರಗಿನ ತಣ್ಣನೆ ಗಾಳಿಯಲ್ಲಿ ತೇವ ಬಹಳ ಕಮ್ಮಿ. ಅದನ್ನು ಬಿಸಿ ಮಾಡಿ ಗಾಜಿನ ಮೇಲೆ ಬಿಟ್ಟರೆ ಒರೆಸುವ ಬಟ್ಟೆಯೇ ಬೇಡ.

ಕರೆಂಟು

ಫ್ಯಾನ್, ವೈಪರ್, ದೀಪ ಕೊಳ್ಳುವ ಮೊದಲು ಗಾಡಿ ಎಷ್ಟು ಕರೆಂಟ್ ಹುಟ್ಟಿಸುತ್ತದೆ ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿ. ಹಳೆಯ ಚಿಕ್ಕ ಗಾಡಿಗಳ ಡೈನಮೊ 15ರಿಂದ 20 ಆಂಪ್ ಅಷ್ಟೇ ಕೊಡಬಹುದು. ಹೊಸವುಗಳಲ್ಲಿ 40 ಆಂಪ್ ಆಲ್ಟರ್ನೇಟರ್ ಸಿಗುತ್ತದೆ. ಹೀಟರ್ ಫ್ಯಾನ್ 8 ಆಂಪ್, ವೈಪರ್ 4 ಆಂಪ್ ಅಂತ ಹಿಡಿಯಿರಿ. 55 ವ್ಯಾಟಿನ ಹ್ಯಾಲೋಜನ್ ದೀಪ ಒಂದಕ್ಕೆ ನಾಲ್ಕೂವರೆ ಆಂಪ್, 27 ವ್ಯಾಟಿನ ಎಲ್‌ಇಡಿಗೆ ಎರಡು ಚಿಲ್ಲರೆ. ಚಿಕ್ಕ ಡೈನಮೊ ಇರುವವರು ಎಲ್‌ಇಡಿ ಮಾತ್ರ ಯೋಚಿಸಿ.

ಬ್ಯಾಟರಿಯಿಂದ ನೇರ ಒಂದು ದಪ್ಪ ವೈರ್, ಬ್ಯಾಟರಿ ಪಕ್ಕದಲ್ಲೇ ಮುಖ್ಯ ಫ್ಯೂಸ್, ಕೀಲಿ ತಿರುಗಿಸಿದಾಗ ಮಾತ್ರ ಕೂಡುವ ರಿಲೇ, ಅಲ್ಲಿಂದ ಒಂದೊಂದಕ್ಕೂ ಬೇರೆ ಫ್ಯೂಸ್. ಗಾಡಿಯ ಮೂಲ ವೈರಿಂಗಿಗೆ ಎಲ್ಲೂ ಕತ್ತರಿ ಹಾಕಬೇಡಿ. ದೀಪಗಳನ್ನು ಕಣ್ಣಿನ ನೇರಕ್ಕೆ, ಚಾವಣಿಯ ಮುಂದಿನ ಅಂಚಿಗೆ ಹಾಕಿದರೆ ಸುರಿಯುವ ಹಿಮಕ್ಕೆ ಬೆಳಕು ಬಡಿದು ಕಣ್ಣಿಗೇ ವಾಪಸ್ ಬರುತ್ತದೆ. ಕೆಳಗೆ, ಬದಿಗೆ ಹಾಕಿ. ರಸ್ತೆಯ ಅಂಚಿನಲ್ಲಿ ಕೆಲಸ ಇದ್ದರೆ ಚಾವಣಿಯ ಮೇಲೆ ಹಳದಿ ಮಿನುಗು ದೀಪ ಬೇಕು.

ಹಿಮ ಬೀಳುವ ಮುಂಚೆ, ಹಿಮ ಮುಗಿದ ಮೇಲೆ

ಅಕ್ಟೋಬರ್ ಒಳಗೆ ಕೂಡಿಸಿ ಮುಗಿಸಿ. ಒಣ ನೆಲದಲ್ಲಿ ಒಂದು ಗಂಟೆ ಓಡಿಸಿ, ಎಲ್ಲ ಕ್ಲ್ಯಾಂಪ್ ಬೋಲ್ಟುಗಳನ್ನು ಮತ್ತೆ ಬಿಗಿಯಿರಿ. ರಬ್ಬರ್ ಕೂತು ಸಡಿಲವಾಗಿರುತ್ತವೆ. ಕೂಲೆಂಟ್ ಮಟ್ಟ ಎಂಜಿನ್ ತಣ್ಣಗಾದ ಮೇಲೆ ನೋಡಿ, ಹೀಟರ್ ತುಂಬಿದ ಕಾರಣ ಇಳಿದಿರುತ್ತದೆ. ಇಳಿಜಾರಿನಲ್ಲಿ ಮೊದಲಿನ ವೇಗ ಬೇಡ. ಹಿಮ ತುಂಬಿದ ಬಕೆಟ್ಟನ್ನು ನೆಲಕ್ಕೆ ಹತ್ತಿರ ಇಟ್ಟೇ ಸಾಗಿ. ಗಾಡಿಯ ಹಿಂಬದಿಗೆ ಕಂಪನಿ ಹೇಳಿದ ತೂಕ ಹಾಕಿಯೇ ಇರಲಿ.

ಏಪ್ರಿಲ್‌ನಲ್ಲಿ ಬಿಚ್ಚುವಾಗ ಹೀಟರಿನ ಎರಡೂ ವಾಲ್ವ್ ಮುಚ್ಚಿ. ವಿನೈಲ್ ಭಾಗಗಳನ್ನು ಬಿಸಿಲಿನ ದಿನವೇ ತೆಗೆದು, ತೊಳೆದು ಒಣಗಿಸಿ, ಮಡಚದೆ ಸುರುಳಿ ಸುತ್ತಿಡಿ. ಗಟ್ಟಿ ಹಾಳೆಗಳ ನಡುವೆ ಹಳೆಯ ಬೆಡ್‌ಶೀಟ್ ಹಾಕಿ ನೆಟ್ಟಗೆ ನಿಲ್ಲಿಸಿ. ರೋಪ್ಸ್ ಮೇಲೆ ಕ್ಲ್ಯಾಂಪ್ ಕೂತಿದ್ದ ಜಾಗದಲ್ಲಿ ಬಣ್ಣ ಹೋಗಿದ್ದರೆ ಸ್ವಲ್ಪ ಪೇಂಟ್ ಹಚ್ಚಿ. ಅಲ್ಲಿ ಬಿರುಕು ಅಥವಾ ಆಳದ ತುಕ್ಕು ಕಂಡರೆ ಪೇಂಟ್ ಹಚ್ಚಿ ಸುಮ್ಮನಾಗಬೇಡಿ, ಡೀಲರಿಗೆ ತೋರಿಸಿ ಹೊಸ ರೋಪ್ಸ್ ಹಾಕಿಸಿ. ಬಿಚ್ಚಿದ ಬೋಲ್ಟುಗಳನ್ನು ಯಾವ ಪ್ಯಾನೆಲಿನದ್ದು ಅಂತ ಬರೆದು ಬೇರೆ ಬೇರೆ ಚೀಲದಲ್ಲಿ ಕಟ್ಟಿ, ಆಯಾ ಪ್ಯಾನೆಲಿಗೇ ಟೇಪ್ ಹಚ್ಚಿಡಿ.